ಕಾಯಿ ಒಡೆದ ಮೇಲಿನ ಕೂಗು

ಕಾಮಾಕ್ಷಿಪಾಳ್ಯ
11-3-2024

ಮೋನ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಅಂತ ಶುರು ಮಾಡಬೇಕು ಅಂದಳು ಪಕ್ಕದ ಮನೆ ಪಾಪಮ್ಮ. ಇಲ್ಲದ್ದನ್ನು ಯಾಕೆ ಬರೆಯಲಿ? ನನ್ನ ಮೊಮ್ಮಗ ನೀನು ಬಳ್ಳಾರಿ ಜೈಲಿನಲ್ಲಿದ್ದೀಯ. ನಿನ್ನ ಅಪ್ಪ ಮುನಿರಾಜು ಕುಡಿದು ಬಂದು ಹೆತ್ತ ತಾಯಿಯ ಮೇಲೆ ಪಾತ್ರೆ ಎಸೆಯುತ್ತಾನೆ. ನಿನ್ನ ಗೆಳೆಯ ಸಿದ್ದೇಶನ ಬಲಗೈಯಲ್ಲಿ ಮೂರು ಬೆರಳಿಲ್ಲ. ಇದು ನಮ್ಮ ಕ್ಷೇಮ.

ಬೆಂಗಳೂರಿನ ಜೈಲಿನಲ್ಲೇ ಇದ್ದಿದ್ದರೆ ಬಸ್ಸು ಹತ್ತಿ ಬಂದು ಮುಖಕ್ಕೇ ಬಯ್ಯುತ್ತಿದ್ದೆ. ಅಲ್ಲೂ ಯಾರದೋ ಹಲ್ಲು ಉದುರಿಸಿ ಅಷ್ಟು ದೂರ ಹೋದೆ. ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಬಿಟ್ಟವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಕೊಟ್ಟೆಯಲ್ಲೋ. ಇದನ್ನು ಮೊದಲು ಓದುವ ಜೈಲು ಸಾಹೇಬರೇ, ನಿಮಗೂ ನಮಸ್ಕಾರ. ಬಯ್ಗುಳ ಬಂದ ಕಡೆ ನಿಮಗಲ್ಲ ಅಂದುಕೊಳ್ಳಿ.

ಪೊಲೀಸಿನವರು ನೀವು ಶೂಟಿಂಗು ಮಾಡುತ್ತಿದ್ದ ನಮ್ಮ ಶೆಡ್ಡಿನ ಬೀಗ ತೆಗೆದುಕೊಟ್ಟರು. ಗುಡಿಸಲು ಹೋಗಿದ್ದೆ. ನೆಲದ ಮೇಲೆ ಕೆಂಪು ಇನ್ನೂ ಹಾಗೇ ಇದೆ. ಕುಂಬಳಕಾಯಿಯೊಳಗೆ ತುಂಬಿದ್ದ ಕುಂಕುಮ ಯಾವುದು, ಸಿದ್ದೇಶನ ರಕ್ತ ಯಾವುದು ಅಂತ ಆವತ್ತೂ ಗೊತ್ತಾಗಲಿಲ್ಲ, ಇವತ್ತೂ ಗೊತ್ತಾಗಲಿಲ್ಲ. ಆವತ್ತು ನಿಮ್ಮ ಸೀರಿಯಲ್ಲಿನ ಕೊನೆಯ ದಿನದ ಶೂಟಿಂಗು. ಶೂಟಿಂಗು ಮುಗಿದರೆ ಬೂದುಗುಂಬಳ ಒಡೆಯಬೇಕು, ಕಂಪನಿಯ ಯಜಮಾನನೇ ಒಡೆಯಬೇಕು. ಯಜಮಾನ ನಾನು ಅಂತ ನೀನು, ನಾನು ಅಂತ ಸಿದ್ದೇಶ. ಹಿಂದಿನಿಂದ ನಿನ್ನ ಅಪ್ಪ, "ನಮ್ ಶೆಡ್ಡಲ್ಲಿ ನಿಂತ್ಕೊಂಡು ಏನ್ ಮಾತಾಡ್ತಾನೆ ನೋಡೋ, ಬಳೆ ತೊಟ್ಕೊಂಡಿದೀಯೇನೋ" ಅಂದ. ಕಾಯಿಗೆ ತೂತು ಕೊರೆದ ಮಚ್ಚು ಅಲ್ಲೇ ಬಿದ್ದಿತ್ತು.

ಗ್ರೂಪ್ ಫೋಟೋಗೆ ನಿಲ್ಲಲು ಎಲ್ಲರೂ ಆ ಕಡೆ ತಿರುಗಿದ್ದರಂತೆ. ಕ್ಯಾಮರಾ ಆಗಲೇ ಪೆಟ್ಟಿಗೆ ಸೇರಿತ್ತಂತೆ. ಅಜ್ಜಿ 'ಮುಗೀತು' ಅಂತ ಕೂಗಿದ್ದು ಕೇಳಿಸಿತು, ಆಮೇಲೆ ಸಿದ್ದೇಶ ಕಿರುಚಿದ್ದು ಕೇಳಿಸಿತು, ಕಣ್ಣಲ್ಲಿ ಏನೂ ನೋಡಲಿಲ್ಲ ಅಂತ ಲೈಟಿನವರೆಲ್ಲ ಬರೆಸಿದ್ದಾರೆ. ನಿಮ್ಮಿಬ್ಬರನ್ನೂ ನಿನ್ನ ಅಪ್ಪನನ್ನೂ ಬಿಟ್ಟರೆ ಕಣ್ಣಲ್ಲಿ ನೋಡಿದವಳು ನಾನೊಬ್ಬಳೇ. ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದ್ದಿರಲ್ಲ. ನನ್ನನ್ನು ಕೋರ್ಟಿಗೆ ಕರೆಯುತ್ತಾರಂತೆ.

ಸ್ನಾನ ದಿನಾ ಮಾಡು.

ನಿನ್ನ ಅಜ್ಜಿ
ಅಕ್ಕಯ್ಯಮ್ಮ


ಬಳ್ಳಾರಿ
2-4-2024

ಅಜ್ಜಿ,

ನಿನ್ನ ಕಾಗದ ಬಂತು. ಓದಿ ಕೊಟ್ಟ ಸಾಹೇಬರು, "ನಿಮ್ಮಜ್ಜಿನ ಇಲ್ಲಿ ವಾರ್ಡರ್ ಮಾಡ್ಕೊಂಡ್ರೆ ಜೈಲು ಸರಿಹೋಗತ್ತೆ ಕಣಯ್ಯ" ಅಂದರು.

ಒಂದು ವಿಷಯ ಹೇಳಬೇಕು, ನಗಬೇಡ. ಇಲ್ಲಿ ಸಂಜೆ ಎಲ್ಲರನ್ನೂ ಟೀವಿ ಮುಂದೆ ಕೂರಿಸುತ್ತಾರೆ. ನಮ್ಮ 'ಮೂರನೇ ಪೋರ್ಷನ್' ಮತ್ತೆ ಹಾಕುತ್ತಿದ್ದಾರೆ. ಕೊಲೆ ಮಾಡಿ ಬಂದವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ. ಕೊನೆಗೆ ನಮ್ಮ ಬೂದುಗುಂಬಳ ಕ್ರಿಯೇಷನ್ಸ್ ಲೋಗೋ ಬರುತ್ತೆ. ನಿನ್ನ ಕೈ ಕಾಯಿ ಎತ್ತಿ ನೆಲಕ್ಕೆ ಬಡಿಯುತ್ತೆ, ಪರದೆ ತುಂಬ ಕುಂಕುಮ ಚೆಲ್ಲುತ್ತೆ, ಆಮೇಲೆ ನಿನ್ನ ಕೂಗು: "ಮುಗೀತು, ಏಳ್ರೋ ಮೇಲೆ!" ಅದಕ್ಕೆ ಸರಿಯಾಗಿ ಎಲ್ಲರೂ ಎದ್ದು ಬ್ಯಾರಕ್ಕಿಗೆ ಹೋಗುತ್ತಾರೆ. ನನಗೆ ಇಲ್ಲಿ ಕುಂಬಳಕಾಯಿ ಅಂತಲೇ ಹೆಸರು.

ಅಜ್ಜಿ, ಲಾಯರು ಹೇಳಿದ್ದನ್ನು ಕೇಳು. ನಾನು ಮಚ್ಚು ಬೀಸಿದ್ದು ಕಾಯಿಗೆ. ಸಿದ್ದೇಶ ಕೈ ಅಡ್ಡ ತಂದ. ಆಗಿದ್ದು ಅಷ್ಟೇ. ಆವತ್ತು ಗಲಾಟೆಯಲ್ಲಿ ನೀನು ಕಾಯಿ ಒಡೆಯುವ ಮುಂಚೆಯೇ ಕೂಗಿಬಿಟ್ಟೆ, ಅವನು ಕಿರುಚಿದಾಗ ಕಾಯಿ ಇನ್ನೂ ಇಡಿಯಾಗೇ ಇತ್ತು. ನಿನಗೂ ವಯಸ್ಸಾಯಿತು. ಸಮಾಧಾನವಾಗಿ ಕೂತು ನೆನಪು ಮಾಡಿಕೋ.

ಅಪ್ಪನ ಜೊತೆ ಜಗಳ ಆಡಬೇಡ.

ಮೋಹನ್


ಕಾಮಾಕ್ಷಿಪಾಳ್ಯ
20-4-2024

ಮೋನ,

ನೆನಪು ಮಾಡಿಕೋ ಅಂದೆ. ಮಾಡಿಕೊಂಡೆ. ಶುರುವಿನಿಂದ ಮಾಡಿಕೊಂಡೆ, ನಿನಗೂ ಬರೆಯುತ್ತೇನೆ.

ಶರ್ಟು ಹೊಲಿಯುವ ಗಾರ್ಮೆಂಟ್ಸಿನವರು ಶೆಡ್ಡು ಖಾಲಿ ಮಾಡಿ ಹೋಗಿದ್ದರು. ನೀನು ನಾಗರಬಾವಿಯ ಕಡೆಯಿಂದ ಸಿದ್ದೇಶನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದೆ. ಕಡ್ಡಿಯಂಥ ಹುಡುಗ. "ಅಜ್ಜಿ, ಇವ್ನು ಬರೀತಾನೆ, ನಾನು ಓಡಾಡ್ತೀನಿ, ಟೀವಿಗೆ ಕಾಮಿಡಿ ಮಾಡ್ತೀವಿ" ಅಂದೆ. "ನಿನ್ ಮುಖಕ್ಕೆ ಬೇರೆ ಬರೀಬೇಕೇನೋ, ಹಾಗೇ ನಿಂತ್ರೂ ನಗ್ತಾರೆ" ಅಂದೆ ನಾನು. ಮಾರನೇ ದಿನ ಆ ಮಾತನ್ನೇ ಅವನು ಸೀರಿಯಲ್ಲಿಗೆ ಹಾಕಿಕೊಂಡಿದ್ದ. ಬಸವೇಶ್ವರನಗರದಲ್ಲಿ ಅವನು ಬಾಡಿಗೆಗಿದ್ದ ಮನೆಯ ಮೂರು ಪೋರ್ಷನ್ನಿನ ಜಗಳವೇ ನಿಮ್ಮ ಕಥೆಯಾಯಿತು. ನಗುವ ಸದ್ದು ಬೇಕು ಅಂತ ನನ್ನನ್ನೂ ಪಾಪಮ್ಮನನ್ನೂ ಅಂಜನಮ್ಮನನ್ನೂ ಮೈಕಿನ ಮುಂದೆ ಕೂರಿಸಿ ಕಡಲೆಪುರಿ ಕೊಟ್ಟು ನಗಿಸಿದಿರಿ. ಅಂಜನಮ್ಮ ಸತ್ತು ಎಷ್ಟು ದಿನವಾಯಿತು, ಟೀವಿಯಲ್ಲಿ ಇನ್ನೂ ನಗುತ್ತಾಳೆ.

ಆಮೇಲೆ ಚಾನೆಲ್ಲಿನವರು, ನಿಮ್ಮ ಕಂಪನಿಯ ಗುರುತು ಏನು ಅಂದರು. ನೀನು ಸಿಂಹ ಅಂದೆ. ನಿನ್ನ ಅಪ್ಪ ಮನೆದೇವರು ಅಂದ. ಸಿದ್ದೇಶ ಮಾತ್ರ, ಶೂಟಿಂಗು ಮುಗಿದರೆ ಕುಂಬಳಕಾಯಿ ಒಡೆಯುತ್ತೇವೆ, ಎಪಿಸೋಡು ಮುಗಿದಾಗಲೂ ಒಡೆಯೋಣ, ನೋಡಿದವರ ದೃಷ್ಟಿಯೂ ಹೋಗಲಿ ಅಂದ. ಯಾರೋ ಮಾಡೆಲ್ ಹುಡುಗಿಯನ್ನು ಕರೆತಂದಿರಿ, ಕೈ ಮಾತ್ರ ಸಾಕು ಅಂತ. ಉಗುರಿಗೆ ಬಣ್ಣ ಹಚ್ಚಿದ ಕೈ. ಎತ್ತಿ ಹಾಕಿದಳು, ಕಾಯಿ ಒಡೆಯದೆ ಉರುಳಿಕೊಂಡು ಲೈಟಿನ ಸ್ಟ್ಯಾಂಡಿನ ಕೆಳಗೆ ಹೋಗಿ ಕೂತಿತು. ನಾನು ಸೆರಗು ಸಿಕ್ಕಿಸಿ ಎದ್ದೆ. "ಹೆಂಗಸ್ರು ಕುಂಬಳಕಾಯಿ ಒಡೀಬಾರ್ದು ಕಣಕ್ಕಾ" ಅಂತ ಅಂಜನಮ್ಮ ಕೈ ಹಿಡಿದಳು. ಗಂಡಸರು ಒಡೆದು ಏನು ಉದ್ಧಾರವಾಗಿದೆ ನೋಡಿದ್ದೀನಿ ಬಿಡೇ ಅಂದೆ. ಎತ್ತಿ ಬಡಿದೆ.

ಮೊದಲ ಸಲ ಹುಮ್ಮಸ್ಸಿನಲ್ಲಿ ಕೈಯಲ್ಲಿ ಕಾಯಿ ಇರುವಾಗಲೇ ಕೂಗಿದೆ. ಸಿದ್ದೇಶ ಓಡಿ ಬಂದು, "ಅಜ್ಜಿ, ಮುಂಚೆ ಕೂಗಿದ್ರೆ ಕೆಟ್ಟೋಯ್ತು. ಕಾಯಿ ಠಪ್ ಅನ್ನಲಿ. ಆ ಸದ್ದು ನಿಮ್ ಕಿವಿಗೆ ಬೀಳಲಿ. ಆಮೇಲೆ" ಅಂದ. ಒಂದು ಆಟೋ ತುಂಬ ತಂದಿದ್ದ ಕಾಯಿ ಒಡೆದು ಅದನ್ನು ಕಲಿತೆ. ಬೀದಿಯ ಹಸುಗಳೆಲ್ಲ ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದವು. ನೀನೇ ಟವಲಿನಲ್ಲಿ ನನ್ನ ಕೈ ಒರೆಸಿದೆ.

ಅಲ್ಲಿಂದ ನೀವು ಎಲ್ಲೇ ಕಾಯಿ ಒಡೆದರೂ ಕೂಗುವುದಕ್ಕೆ ನಾನೇ. ಈಗ ನೀನು ಹೇಳು. ಆಮೇಲೆ ಯಾವತ್ತಾದರೂ ನಾನು ಮುಂಚೆ ಕೂಗಿದ್ದೇನಾ?

ಅಜ್ಜಿ


ಬಳ್ಳಾರಿ
14-5-2024

ಅಜ್ಜಿ,

ಅಪ್ಪ ನೋಡಲು ಬಂದಿದ್ದ. ನೀನು ದಿನಾ ಬಸವೇಶ್ವರನಗರಕ್ಕೆ ಡಬ್ಬಿ ತೆಗೆದುಕೊಂಡು ಹೋಗಿ ಸಿದ್ದೇಶನಿಗೆ ಊಟ ಕೊಡುತ್ತೀಯಂತೆ. ನಿಜವಾ? ನನಗೆ ಬರೆದ ಎರಡು ಕಾಗದದಲ್ಲಿ ಕಡಲೆಪುರಿಯ ವಿಷಯ ಬರೆದೆ, ಇದನ್ನು ಬರೆಯಲಿಲ್ಲ.

ಅವನು ಕಂಪನಿಯನ್ನೂ ಲೋಗೋವನ್ನೂ ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತಿದ್ದಾನೆ. ಅದರಲ್ಲಿರುವುದು ನಮ್ಮ ಮನೆಯ ಕೈ. ಅದನ್ನು ಬೇರೆಯವನು ಹೊತ್ತುಕೊಂಡು ಹೋಗುತ್ತಾನೆ ಅಂದಾಗ ಆವತ್ತು ನನಗೆ ಕಣ್ಣು ಕತ್ತಲಾಯಿತು. ಆ ಕೈಗೋಸ್ಕರ ನಾನು ಇಲ್ಲಿ ಕೂತಿದ್ದೇನೆ, ನೀನು ಅದೇ ಕೈಯಲ್ಲಿ ಅವನಿಗೆ ಬಡಿಸುತ್ತಿದ್ದೀಯ.

ನೀನು ಆ ಕಡೆ ಹೋಗಬೇಡ. ನಮ್ಮ ಯೂನಿಟ್ಟಿನ ಹುಡುಗರು ಬಿಸಿಯಾಗಿದ್ದಾರೆ. ನನ್ನ ಮಾತು ಕೇಳಲ್ಲ.

ಮೋಹನ್


ಕಾಮಾಕ್ಷಿಪಾಳ್ಯ
3-6-2024

ಮೋನ,

ಹೌದು ಕಣೋ, ಊಟ ಕೊಡುತ್ತೇನೆ. ಕೊಡುವುದಲ್ಲ, ತಿನ್ನಿಸುತ್ತೇನೆ. ಅವನಿಗೆ ಎಡಗೈಯಲ್ಲಿ ಮುದ್ದೆ ಮುರಿಯಲು ನಾಚಿಕೆ. ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು, ಕಿರುಬೆರಳು. ಆ ಎರಡರಲ್ಲಿ ಮುದ್ದೆ ನಿಲ್ಲಲ್ಲ, ಜಾರಿ ಸಾರಿಗೆ ಬೀಳುತ್ತೆ. ನಿನಗೆ ಸಿಟ್ಟು ಬರುತ್ತೆ ಅಂತ ಬರೆಯಲಿಲ್ಲ. ಬಂತಲ್ಲ ಈಗ, ಒಳ್ಳೆಯದಾಯಿತು.

ಸಿದ್ದೇಶನ ಮನೆಗೆ ನಿನ್ನ ಹುಡುಗರೂ ಬಂದಿದ್ದರು. ನಿಮ್ಮ ಯೂನಿಟ್ಟಿನ ವ್ಯಾನು ಓಡಿಸುತ್ತಿದ್ದ ರವಿಕುಮಾರ, ಅವನ ಹಿಂದೆ ಇಬ್ಬರು. ನಾನು ಹುರುಳಿಸಾರು ಬಿಸಿ ಮಾಡುತ್ತಿದ್ದೆ. ಬಾಗಿಲು ಒದ್ದು ಒಳಗೆ ಬಂದರು. ಕಂಪ್ಯೂಟರನ್ನು ಎತ್ತಿ ಗೋಡೆಗೆ ಬಡಿದರು. ಸಿದ್ದೇಶ ಅಡ್ಡ ಹೋದ. ಹೆಲ್ಮೆಟ್ಟಿನಿಂದ ತಲೆಗೆ ಹೊಡೆದ ಹೊಡೆತಕ್ಕೆ ಕಿವಿಯಿಂದ ರಕ್ತ ಬಂತು. ಬಿದ್ದವನ ಹೊಟ್ಟೆಗೆ ಮೂವರೂ ಒದ್ದರು. ಅವನು ಆ ಮೊಂಡು ಕೈಯನ್ನು ಎದೆಗೆ ಒತ್ತಿಕೊಂಡು ಅದನ್ನಷ್ಟೇ ಕಾಪಾಡಿಕೊಳ್ಳುತ್ತಿದ್ದ. ಒಬ್ಬ ಅದನ್ನೇ ಎಳೆದು ಬೂಟುಗಾಲಿನಲ್ಲಿ ತುಳಿದ. ಮಾಗುತ್ತಿದ್ದ ಗಾಯ ಬಿಚ್ಚಿಕೊಂಡ ಸದ್ದು ಬಟ್ಟೆ ಹರಿದ ಹಾಗಿತ್ತು. ಮನೆ ಓನರು ಮೇಲಿನಿಂದ, "ಯಾರ್ರೀ ಅದು ಸೌಂಡು" ಅಂತ ಕೇಳಿ ಬಾಗಿಲು ಹಾಕಿಕೊಂಡ.

ರವಿಕುಮಾರ ನನ್ನನ್ನು ನೋಡಿ, "ಅಜ್ಜಿ, ನಿಮ್ಮನ್ನ ಮುಟ್ಬಾರ್ದು ಅಂತ ಮೋಹನಣ್ಣ ಹೇಳವ್ರೆ, ಪಕ್ಕಕ್ ಬನ್ನಿ" ಅಂದ.

ನಿನ್ನ ಮಾತು ಕೇಳದವರು ನಿನ್ನ ಮಾತು ಎಷ್ಟು ಚೆನ್ನಾಗಿ ಕೇಳುತ್ತಾರೋ! ಸಾರಿನ ಪಾತ್ರೆ ಎತ್ತಿ ಅವನ ಕುತ್ತಿಗೆಗೆ ಸುರಿದೆ. ಅಂಗಿಗೆ ಚರ್ಮ ಅಂಟಿಕೊಂಡು ಬಂತು. ಅವನು ಕಿರುಚಿಕೊಂಡು ರಸ್ತೆಗೆ ಓಡಿದ, ಉಳಿದವರು ಅವನ ಹಿಂದೆ ಓಡಿದರು. ಬೆಂದ ಹುರುಳಿಕಾಳು ಬಾಗಿಲ ತನಕ ಬಿದ್ದಿತ್ತು. ಅವನ ತಾಯಿ ಯಾರೋ, ಪಾಪ, ಅವಳು ಎಣ್ಣೆ ಹಚ್ಚುತ್ತಿರುತ್ತಾಳೆ.

ಇನ್ನೊಂದು ಸಲ ಕಳಿಸುವುದಾದರೆ ಮೊದಲೇ ಬರಿ. ಎಸರು ಕಾಯಿಸಿಟ್ಟಿರುತ್ತೇನೆ.

ಅಜ್ಜಿ


ಕಾಮಾಕ್ಷಿಪಾಳ್ಯ
9-8-2024

ಮೋನ

ಕಾಗದ ಬರೆದು ತುಂಬ ದಿನವಾಯಿತು. ಬಚ್ಚಲಲ್ಲಿ ಜಾರಿ ಬಿದ್ದೆ. ಕೈ ಸ್ವಲ್ಪ ನೋವು. ಅಕ್ಷರ ಕೋಳಿ ಕೆದಕಿದ ಹಾಗಿದೆ, ಬಿಡಿಸಿಕೊಂಡು ಓದು. ಪಾಪಮ್ಮನ ಮನೆಯಲ್ಲಿದ್ದೇನೆ. ಬಟ್ಟೆ ಒಗೆಯಲು ಅಲ್ಲಿ ಅನುಕೂಲ.

ಕೋರ್ಟು ಅಕ್ಟೋಬರಿನಲ್ಲಂತೆ.

ಅಜ್ಜಿ


ಬಳ್ಳಾರಿ
26-8-2024

ಅಜ್ಜಿ,

ನಿನ್ನ ಅಕ್ಷರ ನೋಡಿದೆ. ಒಂದು ಸಾಲು ಓದಲು ಸಾಹೇಬರನ್ನೂ ಕರೆಯಬೇಕಾಯಿತು. ನಾನು ಹೇಳಿದ್ದು ಇದನ್ನೇ. ಬಚ್ಚಲಿನಲ್ಲಿ ಜಾರುವ ವಯಸ್ಸು ನಿನ್ನದು. ಕೈ ನಡುಗುತ್ತೆ, ಕಣ್ಣು ಮಂಜು, ಯಾವುದು ಮುಂಚೆ ಆಯಿತು ಯಾವುದು ಆಮೇಲೆ ಆಯಿತು ಅನ್ನುವುದು ಕಲಸಿಹೋಗುತ್ತೆ. ಜಡ್ಜಿಗೂ ಅರ್ಥವಾಗುತ್ತೆ. ಯಾರೂ ನಿನ್ನನ್ನು ಸುಳ್ಳುಗಾತಿ ಅನ್ನಲ್ಲ.

ರವಿಕುಮಾರನ ವಿಷಯದಲ್ಲಿ ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ಅಪ್ಪ ನಿನ್ನನ್ನು ಕಾರಿನಲ್ಲಿ ಕೋರ್ಟಿಗೆ ಕರೆದುಕೊಂಡು ಹೋಗುತ್ತಾನೆ. ಅವನು ಹೇಳಿದ ಹಾಗೆ ಹೇಳು, ಸಾಕು. ನಾನು ಹೊರಗೆ ಬಂದರೆ ನಿನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತೇನೆ. ಒಳಗೇ ಉಳಿದರೆ ನೀನು ಸತ್ತಾಗಲೂ ಪೊಲೀಸರ ಜೊತೆ ಬೇಡಿ ಹಾಕಿಕೊಂಡು ಬರಬೇಕು. ಅದನ್ನು ಯೋಚನೆ ಮಾಡು.

ಮೋಹನ್


ಕಾಮಾಕ್ಷಿಪಾಳ್ಯ
19-10-2024

ಮೋನ,

ಕೋರ್ಟಿನಲ್ಲಿ ನಿನ್ನನ್ನು ಜೈಲಿನಿಂದಲೇ ಟೀವಿಯಲ್ಲಿ ತೋರಿಸಿದರು. ಇಷ್ಟು ದಿನ ನಾನು ಟೀವಿಯಲ್ಲಿ ಬರುತ್ತಿದ್ದೆ, ನೀನು ನೋಡುತ್ತಿದ್ದೆ. ಗಡ್ಡ ಬಿಟ್ಟಿದ್ದೀಯ, ಚೆನ್ನಾಗಿಲ್ಲ. ನಾನು ಬಾಯಿ ತೆಗೆಯುವ ಹೊತ್ತಿಗೆ ಸರಿಯಾಗಿ ಅದು ನಿಂತುಹೋಯಿತು. ನಿನ್ನ ಮುಖ ಹಾಗೇ ಅಂಟಿಕೊಂಡಿತ್ತು, ನಿನಗೆ ಇಲ್ಲಿನ ಮಾತು ಕೇಳುತ್ತಿರಲಿಲ್ಲವಂತೆ. ಬೇರೆಯವರ ಬಾಯಿಂದ ಕೇಳುವ ಮುಂಚೆ ನನ್ನಿಂದ ಕೇಳು.

ನಿನ್ನ ಲಾಯರು ಜೇನು ಸುರಿಸಿಕೊಂಡು ಬಂದ. "ಅಜ್ಜಿ, ನಿಮ್ಗೆ ವಯಸ್ಸಾಗಿದೆ. ಆವತ್ತು ಗಲಾಟೆ ಬೇರೆ. ಕಾಯಿ ಒಡೆಯೋಕ್ ಮುಂಚೆನೇ ಕೂಗಿರ್ಬೋದಲ್ವಾ?"

"ಇಲ್ಲಪ್ಪ."

"ಅಷ್ಟ್ ಗ್ಯಾರಂಟಿಯಾಗಿ ಹೆಂಗೆ ಹೇಳ್ತೀರಾ?"

"ನೀನು ಊಟ ಆದ್ಮೇಲೆ ತೇಗ್ತೀಯೋ, ಮುಂಚೆನೇ ತೇಗ್ತೀಯೋ? ಅಭ್ಯಾಸ ಕಣಪ್ಪ. ಸಿದ್ದೇಶ ಕಾಯಿ ಎತ್ತಿ ಬಡಿದ, ಒಡೀತು. ನಾನು ಕೂಗಿದೆ. ಲೈಟಿನ ಹುಡುಗ್ರು ಬರಿಗಾಲಲ್ಲಿ ಜಾರ್ತಾರೆ ಅಂತ ಸಿದ್ದೇಶ ಬಗ್ಗಿ ಚೂರು ಆರಿಸ್ತಿದ್ದ. ಬಲಗೈ ನೆಲದ ಮೇಲಿತ್ತು. ಆಗ ನನ್ ಮೊಮ್ಮಗ ಮಚ್ಚು ಎತ್ತಿದ. ಒಡೆಯೋಕೆ ಅಲ್ಲಿ ಯಾವ ಕಾಯೂ ಇರ್ಲಿಲ್ಲ."

ಟೈಪು ಮಾಡುವ ಹುಡುಗಿ ಅದನ್ನೆಲ್ಲ ಟಕಟಕ ಹೊಡೆದುಕೊಂಡಳು. ಜಡ್ಜಮ್ಮ ನನ್ನ ಕೈ ನೋಡಿ, "ಇದೇನಾಯ್ತಮ್ಮ?" ಅಂದರು. "ಅದು ಬೇರೆ ಕೇಸು ತಾಯಿ, ಇದು ಮುಗೀಲಿ" ಅಂದೆ.

ಆ ಕೇಸನ್ನು ನಿನಗೆ ಹೇಳುತ್ತೇನೆ. ನಾನು ಬಚ್ಚಲಲ್ಲಿ ಜಾರಲಿಲ್ಲ. ಜುಲೈನಲ್ಲಿ ನಿನ್ನ ಅಪ್ಪ ಅಡುಗೆಮನೆಗೆ ಬಂದ. ಕುಡಿದಿರಲಿಲ್ಲ, ಅದೇ ಭಯವಾಯಿತು. ನನ್ನ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಿಡಿದುಕೊಂಡ. "ಮುಂಚೆ ಕೂಗ್ದೆ ಅಂತ ಹೇಳು" ಅಂದ. ಇಲ್ಲ ಅಂದೆ. ಒತ್ತಿದ. "ಹೇಳವ್ವ" ಅಂದ. ಇಲ್ಲ ಅಂದೆ. ಮತ್ತೆ ಒತ್ತಿದ. ಅವನ ಕಣ್ಣಲ್ಲಿ ನೀರಿತ್ತು ಕಣೋ. ಅಳುತ್ತಲೇ ಒತ್ತುತ್ತಿದ್ದ. ಹಸಿ ಸೌದೆಯಲ್ಲ, ಒಣ ಸೌದೆ ಮುರಿದ ಹಾಗೆ ಸದ್ದು ಬಂತು, ಮೂಳೆ ಚರ್ಮ ಸೀಳಿಕೊಂಡು ಹೊರಗೆ ಕಂಡಿತು. ಆಗ ಕೂಗಿದೆ. ಅಲ್ಲೂ ಮುಂಚೆ ಕೂಗಲಿಲ್ಲ ಮೋನ. ಮುರಿದ ಮೇಲೇ ಕೂಗಿದ್ದು.

ಪಾಪಮ್ಮ ಓಡಿ ಬಂದು ಆಟೋದಲ್ಲಿ ಹಾಕಿಕೊಂಡು ಹೋದಳು. ಆ ಕೈ ಇನ್ನು ಮೇಲೇಳಲ್ಲ. ಇದನ್ನೂ ಎಡಗೈಯಲ್ಲೇ ಬರೆಯುತ್ತಿದ್ದೇನೆ. ನೀನು ಯಾವ ಕೈಗೋಸ್ಕರ ಮಚ್ಚು ಎತ್ತಿದೆ ಅಂದೆಯೋ, ಆ ಕೈ ಇದು.

ನೀನು ಬೇಡಿ ಹಾಕಿಕೊಂಡು ಬಂದರೂ ಸರಿ, ಬಾ. ಮಣ್ಣು ಹಾಕಲು ಒಂದು ಕೈ ಸಾಕು.

ಅಜ್ಜಿ


ಬಳ್ಳಾರಿ
2-11-2024

ನೀವು ಇನ್ನು ಮುಂದೆ ನನಗೆ ಕಾಗದ ಬರೆಯಬೇಡಿ.

ಮೋಹನ್ ಕುಮಾರ್


ಕೆಂಗೇರಿ
24-2-2025

ಮೋನ,

ಬರೆಯಬೇಡಿ ಅಂದೆ. ನೀನು ಹೇಳಿದ್ದನ್ನು ನಾನು ಯಾವತ್ತು ಕೇಳಿದ್ದೇನೆ? ನನಗೆ 'ನೀವು' ಬೇರೆ ಅಂದಿದ್ದೀಯ. ನಾನೇನು ಬ್ಯಾಂಕಿನವಳೇನೋ?

ಏಳು ವರ್ಷ ಅಂತ ಜಡ್ಜಮ್ಮ ಓದಿದಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ನೀನು ಈ ಸಲವೂ ಟೀವಿಯಲ್ಲೇ ಇದ್ದೆ, ತಲೆ ಎತ್ತಲಿಲ್ಲ. ನನಗೆ ಬಿಪಿ ಏರಿ ಪಾಪಮ್ಮನ ಮಡಿಲಲ್ಲಿ ಬಿದ್ದೆನಂತೆ. ಮೂರು ದಿನ ಅನ್ನ ಸೇರಲಿಲ್ಲ. ನೀನು ಗೆದ್ದಿದ್ದರೂ ಸೇರುತ್ತಿರಲಿಲ್ಲ. ನಿನ್ನ ಅಪ್ಪ ಶೆಡ್ಡನ್ನು ಟೈಲ್ಸಿನವರಿಗೆ ಕೊಟ್ಟ. ನೆಲದ ಮೇಲಿನ ಕೆಂಪಿಗೆ ಅವರೇ ಸಿಮೆಂಟು ಹಾಕಿದರು.

ಸಿದ್ದೇಶ ಕೆಂಗೇರಿಯಲ್ಲಿ ಒಂದು ಗೋಡೌನು ಹಿಡಿದಿದ್ದಾನೆ. ನಾನೂ ಇಲ್ಲೇ ಇದ್ದೇನೆ. ಅವನ ತಾಯಿ ಯಶೋದಮ್ಮ ನನ್ನ ಬಾಯಿ ತಡೆದುಕೊಳ್ಳುತ್ತಾಳೆ. ಹಳೆಯ ಲೋಗೋ ನಿನ್ನ ಅಪ್ಪ ಹಾಕಿದ ಕೇಸಿನಲ್ಲಿ ಸಿಕ್ಕಿಕೊಂಡಿದೆ, ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಹೊಸ ಸೀರಿಯಲ್ಲಿಗೆ ಹೊಸದು ಬೇಕಾಯಿತು. ಮಾಡೆಲ್ ಹುಡುಗಿಯನ್ನು ಕರೆಯೋಣವಾ ಅಂತ ಯಾರೋ ಹೊಸ ಹುಡುಗ ಕೇಳಿದ. ಸಿದ್ದೇಶ ನನ್ನ ಮುಖ ನೋಡಿದ. ಆಮೇಲೆ ಏನಾಯಿತು ಅಂತ ಬರೆಯಲ್ಲ.

ಬರುವ ಸೋಮವಾರ ಸಂಜೆ ಶುರು. ನಿನಗೆ ನೋಡುವ ಮನಸ್ಸಿಲ್ಲದಿದ್ದರೂ ಅಲ್ಲಿ ಕೂರಿಸುತ್ತಾರಲ್ಲ. ಕೊನೆಯ ತನಕ ಏಳಬೇಡ.

ಗಡ್ಡ ತೆಗೆಸು.

ಅಜ್ಜಿ


ಬಳ್ಳಾರಿ
5-3-2025

ಅಜ್ಜಿ,

ನೋಡಿದೆ.

ಹೊಸ ಸೀರಿಯಲ್ಲಿಗೆ ಎಲ್ಲರೂ ನಕ್ಕರು. ನನಗೆ ಏನು ನಡೆಯಿತು ಅನ್ನುವುದೂ ತಲೆಗೆ ಹೋಗಲಿಲ್ಲ. ಕೊನೆಗೆ ಪರದೆ ಕಪ್ಪಾಯಿತು. ನನ್ನ ಪಕ್ಕದವನು, "ಲೇ ಕುಂಬಳಕಾಯಿ, ನಿಮ್ಮಜ್ಜಿ ಬರ್ತಾರೆ ನೋಡೋ" ಅಂತ ಮೊಣಕೈಯಲ್ಲಿ ತಿವಿದ.

ಎರಡು ಎಡಗೈ ಬಂದವು. ಒಂದು ನಿನ್ನದು, ಹಸಿರು ಬಳೆ. ಇನ್ನೊಂದು ಅವನದು. ಎರಡೂ ಸೇರಿ ಕಾಯಿ ಎತ್ತಿದವು. ಕಾಯಿ ವಾಲಿತು. ಕೆಳಗಿನಿಂದ ಅವನ ಬಲಗೈ ಬಂದು ಆನಿಸಿತು. ಎರಡೇ ಬೆರಳು. ಆ ಕೈಯನ್ನು ನಾನು ಆವತ್ತಿನಿಂದ ನೋಡಿರಲಿಲ್ಲ. ನಗುತ್ತಿದ್ದವರೆಲ್ಲ ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು. ಯಾರ ಕೈ, ಯಾರು ಕಡಿದದ್ದು ಅಂತ ಇಲ್ಲಿ ಎಲ್ಲರಿಗೂ ಗೊತ್ತು.

ಕಾಯಿ ನಡುಗುತ್ತಾ ಮೇಲೆ ಹೋಯಿತು. ಬಿತ್ತು. ಕುಂಕುಮ ಚೆಲ್ಲಿತು. ಎಲ್ಲರೂ ನಿನ್ನ ಕೂಗಿಗೆ ಕಾದರು. ನೀನು ಕೂಗಲಿಲ್ಲ. ಚೂರುಗಳು ಉರುಳಿ, ಕೊನೆಯ ಚೂರು ಅಲ್ಲಾಡುವುದು ನಿಲ್ಲುವ ತನಕ ಕಾದೆ. ಅಷ್ಟು ಹೊತ್ತು ಕಾದು, "ಮುಗೀತು, ಏಳ್ರೋ ಮೇಲೆ!" ಅಂದೆ.

ಎಲ್ಲರೂ ಎದ್ದರು. ನನಗೆ ಏಳಲು ಆಗಲಿಲ್ಲ. ಸಾಹೇಬರು ಬಂದು ಹೆಗಲು ಮುಟ್ಟಿದ ಮೇಲೆ ಎದ್ದೆ.

ಅಜ್ಜಿ, ಆವತ್ತೂ ನೀನು ಕಾಯಿ ಒಡೆದ ಮೇಲೇ ಕೂಗಿದ್ದು.

ಮೋನ